ಸೋಮವಾರದ ಲೆಕ್ಕ

"ಒಬ್ಬರು ಇದ್ದಾರೆ. ಅವರು ಮನಸ್ಸಲ್ಲಿರೋದ್ರಲ್ಲಿ ಶೇಕಡಾ ಹತ್ತು ಮಾತ್ರ ಬಾಯಿಬಿಟ್ಟು ಹೇಳ್ತಾರೆ, ಉಳಿದಿದ್ದೆಲ್ಲ ಒಳಗೇ ಇಟ್ಕೋತಾರೆ." ಎಲ್ಲರೂ ಗುಬ್ಬಚ್ಚಿ ಎಂದು ಕರೆಯುವ ಹುಡುಗಿ ಉಸಿರೆಳೆದುಕೊಳ್ಳಲು ನಿಂತಳು. ಕೈಗಳೆರಡೂ ಬೆನ್ನ ಹಿಂದೆ, ಕಣ್ಣು ಸೂರಿನ ಮೇಲೆ. ಬಾಯಿಪಾಠ ಒಪ್ಪಿಸುವಾಗ ಅವಳು ನಿಲ್ಲುವುದೇ ಹಾಗೆ. "ಒಂದು ದಿನಕ್ಕೆ ಅವರು ನಲವತ್ತು ಮಾತು ಆಡಿದ್ರೆ, ಆಡದೆ ಉಳಿಸ್ಕೊಂಡಿದ್ದು ಎಷ್ಟು?"

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ವಕೀಲ ಎದ್ದ. ಯಾರು ಯಾವ ಲೆಕ್ಕ ಹೇಳಿದರೂ ಅದಕ್ಕೊಂದು ತಕರಾರು ತೆಗೆಯುತ್ತಾನೆಂದು ಹುಡುಗರೇ ಇಟ್ಟ ಹೆಸರು ಅದು. "ಟೀಚರ್, ಆಡದೇ ಇರೋ ಮಾತನ್ನ ಎಣಿಸೋಕಾಗುತ್ತಾ?"

"ಆಡಿದ್ದನ್ನ ಎಣಿಸಿದ್ರೆ ಆಡದ್ದೂ ಸಿಗುತ್ತೆ. ಶೇಕಡಾ ಕಲಿಯೋದು ಮತ್ತ್ಯಾಕೆ? ಕೂತ್ಕೋ," ಎಂದಳು ಟೀಚರು. ಹೇಳಿದ್ದೇನೋ ಸಲೀಸಾಗಿ ಹೇಳಿದಳು, ಆದರೆ ಸೀಮೆಸುಣ್ಣ ಎತ್ತಿಕೊಳ್ಳುವ ನೆಪದಲ್ಲಿ ಮಕ್ಕಳ ಕಡೆಗೆ ಬೆನ್ನು ಮಾಡಿ ನಿಲ್ಲಬೇಕಾಯಿತು.

ಉತ್ತರಗಳು ನಾಲ್ಕೂ ದಿಕ್ಕಿನಿಂದ ಬಂದವು. ನಾಲ್ಕು ಎಂದರು ಕೆಲವರು, ಮೂವತ್ತಾರು ಎಂದರು ಕೆಲವರು. ಟೀಚರು ಹಲಗೆಯ ಮೇಲೆ ಉದ್ದಕ್ಕೆ ಹತ್ತು ಮನೆ ಎಳೆದಳು. "ನಲವತ್ತು ಅನ್ನೋದು ಇಡೀದಾ, ಭಾಗಾನಾ?"

"ಭಾಗ."

"ಎಷ್ಟು ಭಾಗ?"

"ಹತ್ತರಲ್ಲಿ ಒಂದು."

ಮೊದಲ ಮನೆಯಲ್ಲಿ ನಲವತ್ತು ಎಂದು ಬರೆದಳು. ಒಂದು ಮನೆಯಲ್ಲಿ ನಲವತ್ತಾದರೆ ಪ್ರತಿ ಮನೆಯಲ್ಲೂ ನಲವತ್ತೇ, ಇಡೀದು ನಾನೂರು, ಆಡದೆ ಉಳಿದದ್ದು ಮುನ್ನೂರ ಅರವತ್ತು. ಲೆಕ್ಕ ಗೊತ್ತಾದಾಗ ಮಕ್ಕಳು "ಅಯ್ಯೋ ಅಷ್ಟೊಂದಾ" ಎಂದರು. ಗುಬ್ಬಚ್ಚಿ ಸರಿ ಎಂಬಂತೆ ತಲೆಯಾಡಿಸಿದಳು; ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಟೀಚರು ಮಾತ್ರ ಗಂಟೆ ಹೊಡೆಯುವವರೆಗೂ ಆ ಒಂಬತ್ತು ಖಾಲಿ ಮನೆಗಳನ್ನು ಅಳಿಸಲಿಲ್ಲ.

ಸೋಮವಾರದ ಲೆಕ್ಕ ಅವಳೇ ಹುಟ್ಟುಹಾಕಿದ ಪದ್ಧತಿ. ಪುಸ್ತಕದಲ್ಲಿ ಭಿನ್ನರಾಶಿ ಎಂದರೆ ಯಾರೋ ಒಬ್ಬ ತನಗೆ ಬೇಡವಾದ ಹೊಲವನ್ನು ಏಳು ಜನರಿಗೆ ಹಂಚುತ್ತಿರುತ್ತಾನೆ. ಮಕ್ಕಳಿಗೆ ಆ ಹೊಲವೂ ಕಾಣದು, ಏಳು ಜನರೂ ಕಾಣರು. ಹಾಗಾಗಿ ಸೋಮವಾರ ಬಂದರೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಕಂಡದ್ದರಿಂದ ಒಂದು ಲೆಕ್ಕ ಕಟ್ಟಿಕೊಂಡು ಬರಬೇಕು. ಬರೆದು ತರುವಂತಿಲ್ಲ, ಬರೆಯಲು ಬಿಟ್ಟರೆ ಒಬ್ಬ ಬರೆದದ್ದು ಇಡೀ ಬೆಂಚಿಗೆ ಅಂಟುತ್ತದೆ. ತಲೆಯಲ್ಲಿಟ್ಟುಕೊಂಡು ಬಂದು ನಿಂತು ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಟೀಚರು ಒಂದು ಲೆಕ್ಕ ವಾಪಸ್ ಕೊಡುತ್ತಾಳೆ, ಅದನ್ನೂ ತಲೆಯಲ್ಲೇ ಹೊತ್ತು ಮನೆಗೆ ಹೋಗಬೇಕು. ಇನ್ನೊಂದು ನಿಯಮವೂ ಇತ್ತು. ಯಾರ ಸಹಾಯವನ್ನಾದರೂ ಪಡೆದಿದ್ದರೆ "ಮನೇಲಿ ಹೇಳಿಕೊಟ್ರು" ಎಂದು ಒಪ್ಪಿಕೊಂಡರೆ ಸಾಕು, ಯಾರು ಎಂದು ಟೀಚರು ಕೇಳುವುದಿಲ್ಲ.

ಬೇರೆ ಮಕ್ಕಳ ಲೆಕ್ಕಗಳೆಲ್ಲ ನೀರಿನ ಟ್ಯಾಂಕು, ಹಾಲಿನ ಪಾತ್ರೆ, ತಮ್ಮ ಕದ್ದು ತಿಂದ ಬಿಸ್ಕತ್ತು. ಗುಬ್ಬಚ್ಚಿಯ ಲೆಕ್ಕಗಳು ಬೇರೆಯೇ. ಅವು ಯಾರೋ ಕಿಟಕಿಯ ಬಳಿ ಕೂತು ಯೋಚಿಸಿದಂತಿದ್ದವು. "ಮನೇಲಿ ಹೇಳಿಕೊಟ್ರು," ಎಂದು ಅವಳು ಪ್ರತಿ ಸಲವೂ ತಾನಾಗಿಯೇ ಹೇಳುತ್ತಿದ್ದಳು. ಯಾರು ಎಂದು ಟೀಚರು ಕೇಳುತ್ತಿರಲಿಲ್ಲ. ನಿಯಮ ತನ್ನದೇ ಅಲ್ಲವೇ? ಕೇಳದಿರುವುದಕ್ಕೆ ಬೇರೆ ಕಾರಣವೂ ಇತ್ತು. ಅದು ಯಾರೆಂದು ತನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

ಗುಬ್ಬಚ್ಚಿಯ ಅಪ್ಪನದು ಮಾರುಕಟ್ಟೆಯ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಶಾಲೆ ಶುರುವಾದ ದಿನ ಮಕ್ಕಳು ತಂತಮ್ಮ ಮನೆಯವರ ಕೆಲಸ ಹೇಳುವಾಗ ಹುಡುಗಿ ಅದನ್ನು ಹೇಳಿದ್ದಳು, ಅಪ್ಪನ ಹೆಸರನ್ನೂ ಹೇಳಿದ್ದಳು. ಆ ಹೆಸರು ಕೇಳಿ ಟೀಚರು ಹಾಜರಿ ಕೂಗುವುದನ್ನು ಅರ್ಧಕ್ಕೇ ಮರೆತಿದ್ದಳು.

ಆ ಹೆಸರಿನವನನ್ನು ಮೊದಲು ಕಂಡಾಗ ಅವಳಿನ್ನೂ ಟೀಚರ್ ಆಗಿರಲಿಲ್ಲ. ತರಬೇತಿಯ ಪರೀಕ್ಷೆಗೆ ಓದಲು ಹೋಗುತ್ತಿದ್ದ ಕಟ್ಟಡದ ಕೆಳಗೆ ಒಂದು ವೈಂಡಿಂಗ್ ಅಂಗಡಿ, ಅಲ್ಲಿ ಕೆಲಸ ಕಲಿಯುತ್ತಿದ್ದವನು ಅವನು. ಕೆಟ್ಟುಹೋದ ಫ್ಯಾನು ಬಿಚ್ಚಲು ಮೇಲೆ ಬಂದವನು ಮತ್ತೆ ಮತ್ತೆ ಬಂದ. ಆ ಫ್ಯಾನು ಮತ್ತೆ ಮತ್ತೆ ಹೇಗೆ ಕೆಡುತ್ತಿತ್ತು ಎಂದು ಇಡೀ ಕಟ್ಟಡವೇ ನಗುತ್ತಿತ್ತು. ಸಂಜೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆಯುತ್ತಿದ್ದರು. ಎದುರಿನ ಬೇಕರಿಯಲ್ಲಿ ಒಂದು ಬನ್ನು ಕೊಂಡು ಅವನು ಎರಡು ಮಾಡುತ್ತಿದ್ದ, ತಾಮ್ರದ ತಂತಿ ಎಳೆದೆಳೆದು ಗೆರೆಬಿದ್ದ ಬೆರಳುಗಳಿಂದ. "ತಗೋ, ದೊಡ್ಡ ಅರ್ಧ ನಿನಗೆ," ಎನ್ನುತ್ತಿದ್ದ. "ಅರ್ಧದಲ್ಲಿ ದೊಡ್ಡದು ಚಿಕ್ಕದು ಇರಲ್ಲ," ಎಂದು ಅವಳು ಪಾಠ ಹೇಳುತ್ತಿದ್ದಳು. ಅವನು ನಗುತ್ತಿದ್ದ, ಅಷ್ಟೆ. ಮಾತಿನ ಮಟ್ಟಿಗೆ ಮಹಾ ಜಿಪುಣ.

ಒಂದು ಸಂಜೆ ಬಸ್ಸು ಹೊರಡುವಾಗ ಅವನು ಕಿಟಕಿಯ ಬಳಿ ಬಂದು, "ನಾಳೆ ನಿಂಗೊಂದು ಮಾತು ಹೇಳ್ಬೇಕು," ಎಂದ. ಮರುದಿನ ಅವನು ಬರಲಿಲ್ಲ. ಅವನ ತಾಯಿಗೆ ಕಾಯಿಲೆಯೆಂದೂ ಊರಿಗೆ ಹೋದನೆಂದೂ ಅಂಗಡಿಯವರು ಹೇಳಿದರು. ಅವಳು ನಿಲ್ದಾಣದಲ್ಲಿ ನಿಂತು ಎಷ್ಟೋ ಬಸ್ಸು ಬಿಟ್ಟಳು. ಅವನ ಊರು ಗೊತ್ತಿತ್ತು, ಅಲ್ಲಿಗೆ ಹೋಗುವ ಬಸ್ಸೂ ಅದೇ ನಿಲ್ದಾಣದಿಂದ ಹೊರಡುತ್ತಿತ್ತು. ಹೆಣ್ಣಾಗಿ ತಾನಾಗಿಯೇ ಹೋಗುವುದು ಹೇಗೆ ಎಂದು ಅವಳು ಹತ್ತಲಿಲ್ಲ. ಮುಂದೆ ಅವನಿಗೆ ಮದುವೆಯಾಯಿತೆಂಬ ಸುದ್ದಿ ಯಾರದೋ ಬಾಯಿಂದ ಬಂತು. ಅವಳಿಗೂ ಸಂಬಂಧಗಳು ಬಂದವು, ಬಂದಂತೆ ಹೋದವು. ಆ ಒಂದು ಮಾತು ಏನಿತ್ತೋ ಎಂಬುದು ಮಾತ್ರ ಎಲ್ಲಿಗೂ ಹೋಗಲಿಲ್ಲ. ಪಾತ್ರೆ ತೊಳೆಯುವಾಗ, ಉತ್ತರಪತ್ರಿಕೆ ತಿದ್ದುವಾಗ, ನಿದ್ದೆ ಬರುವ ಮುಂಚೆ, ಅದು ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಈಗ ನೋಡಿದರೆ, ಮನಸ್ಸಲ್ಲಿರುವುದರಲ್ಲಿ ಶೇಕಡಾ ಹತ್ತು ಮಾತ್ರ ಹೇಳುವವರೊಬ್ಬರು.

ಆ ದಿನ ಅವಳು ಗುಬ್ಬಚ್ಚಿಗೆ ಕೊಟ್ಟ ವಾಪಸ್ ಲೆಕ್ಕ ಹೀಗಿತ್ತು: "ಒಬ್ಬಳು ನಿಲ್ದಾಣದಲ್ಲಿ ಕಾಯ್ತಾ ಇದ್ದಾಳೆ. ಬರಬೇಕಾದವರು ದಾರಿಯಲ್ಲಿ ಅರ್ಧ ನಡೆದ್ರು. ಉಳಿದಿದ್ದರಲ್ಲಿ ಅರ್ಧ ನಡೆದ್ರು. ಮತ್ತೆ ಉಳಿದಿದ್ದರಲ್ಲಿ ಅರ್ಧ. ಈಗ ಇಬ್ಬರ ನಡುವೆ ಎಷ್ಟು ದಾರಿ ಉಳೀತು?" ಹೇಳಿ ಮುಗಿಸಿದ ಮೇಲೆ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನಗೆ ತಾನೇ ಬೈದುಕೊಂಡಳು. ಬೈದುಕೊಂಡರೂ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಆ ವಾರ ಉದ್ದವಾಯಿತು. ಮುಂದಿನ ಸೋಮವಾರ ಗುಬ್ಬಚ್ಚಿ ಎದ್ದು, "ಎಂಟರಲ್ಲಿ ಒಂದು ಭಾಗ, ಟೀಚರ್," ಎಂದಳು. ಆಮೇಲೆ ಸೂರು ನೋಡುತ್ತಾ ಸೇರಿಸಿದಳು, "ಆದ್ರೆ ಹಿಂಗೇ ಅರ್ಧರ್ಧ ನಡೀತಾ ಇದ್ರೆ ಅವರು ಯಾವತ್ತೂ ಬಂದು ಮುಟ್ಟಲ್ಲ, ಟೀಚರ್‌ಗೆ ಹೇಳು ಅಂತ ಮನೇಲಿ ಹೇಳಿದ್ರು."

"ಸರಿ," ಎಂದಳು ಟೀಚರು. ಮುಂದಿನವರನ್ನು ಏಳಲು ಹೇಳಿದಳು.

ಅದರ ಮುಂದಿನ ವಾರ ಬಂದದ್ದು ಸೇಬು. "ಒಬ್ಬರು ಸೇಬು ಕೊಯ್ದು ಎರಡು ಮಾಡ್ತಾರೆ. ದೊಡ್ಡ ಅರ್ಧ ಇನ್ನೊಬ್ಬರಿಗೆ ಕೊಡ್ತಾರೆ. ದೊಡ್ಡ ಅರ್ಧ ಶೇಕಡಾ ಅರವತ್ತಾದ್ರೆ ಚಿಕ್ಕ ಅರ್ಧ ಎಷ್ಟು?"

ವಕೀಲ ಬೆಂಚು ಹತ್ತುವುದೊಂದು ಬಾಕಿ. "ಟೀಚರ್, ಲೆಕ್ಕಾನೇ ತಪ್ಪು! ಅರ್ಧ ಅಂದ್ಮೇಲೆ ಎರಡೂ ಐವತ್ತೇ. ದೊಡ್ಡ ಅರ್ಧ ಅಂತ ಎಲ್ಲಿರುತ್ತೆ?"

ಟೀಚರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. "ಇರುತ್ತೆ," ಎಂದಳು. ಇಡೀ ತರಗತಿ ಅವಳ ಮುಖ ನೋಡಿತು. ಲೆಕ್ಕದ ಟೀಚರ್ ಬಾಯಲ್ಲಿ ಇಂಥ ಮಾತು ಅವರು ಕೇಳಿರಲಿಲ್ಲ. "ಪುಸ್ತಕದಲ್ಲಿ ಇರಲ್ಲ. ಮನೆಗಳಲ್ಲಿ ಇರುತ್ತೆ. ನಲವತ್ತು ಅಂತ ಬರ್ಕೊಳ್ಳಿ."

ಇಷ್ಟರಲ್ಲಿ ಬೇರೆ ವಿಭಾಗದ ಮಕ್ಕಳು ಶೇಕಡಾ ಮುಗಿಸಿ ಕೋನಗಳನ್ನು ಅಳೆಯುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಒಂದು ದಿನ ತಡೆದು ಕೇಳಿಯೇಬಿಟ್ಟರು, "ಏನಮ್ಮ, ನಿಮ್ಮ ಕ್ಲಾಸಲ್ಲಿ ಇನ್ನೂ ಸೇಬು ಕೊಯ್ತಾನೇ ಇದ್ದೀರಂತೆ?" ಪಾಠವನ್ನು ರಬ್ಬರಿನಂತೆ ಎಳೆದದ್ದು ಅವಳಿಗೂ ಗೊತ್ತಿತ್ತು. ಶೇಕಡಾ ಮುಗಿದರೆ ಸೋಮವಾರಗಳೂ ಮುಗಿಯುತ್ತವೆ, ಆ ಮನೆಯಿಂದ ಬರುವ ದನಿಯೂ ನಿಲ್ಲುತ್ತದೆ. ಹಾಗೆ ನಿಲ್ಲುವ ಮುಂಚೆ ಆ ಒಂದು ಮಾತು ಕೇಳಿಬಿಡಬೇಕು ಅನ್ನಿಸಿತು. ಅವನಿಂದ ಅವಳಿಗೆ ಬೇಕಾದದ್ದು ಅಷ್ಟೇ, ಬೇರೇನೂ ಇಲ್ಲ. ಹಾಗೆಂದು ಅವಳು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡಳು.

"ಈ ಶನಿವಾರ ಮಧ್ಯಾಹ್ನ ಪೋಷಕರ ಸಭೆ," ಎಂದು ಗುಬ್ಬಚ್ಚಿಗೆ ಬೇರೆಯಾಗಿ ಹೇಳಿದಳು. "ನಿಂಗೆ ಲೆಕ್ಕ ಹೇಳಿಕೊಡ್ತಾರಲ್ಲ, ಅವರನ್ನೇ ಕರ್ಕೊಂಡು ಬಾ."

ಶನಿವಾರ ಬೆಳಿಗ್ಗೆ ಅವಳು ಎರಡು ಸಲ ಬಟ್ಟೆ ಬದಲಾಯಿಸಿದಳು. ಒಟ್ಟಿಗೇ ಇದ್ದ ಅಕ್ಕ ನಿವೃತ್ತ ನರ್ಸು, ಅವರ ಕಣ್ಣಿಂದ ಏನೂ ತಪ್ಪುವುದಿಲ್ಲ. ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತು, "ಏನೇ, ಇವತ್ತು ಕನ್ನಡಿಗೆ ಓವರ್‌ಟೈಮಾ?" ಎಂದರು.

"ಪೋಷಕರ ಸಭೆ ಅಕ್ಕ."

"ಪ್ರತಿ ವರ್ಷಾನೂ ಇರುತ್ತೆ. ಹೋದ ವರ್ಷ ಒಂದೊಂದು ಕಾಲಿಗೆ ಒಂದೊಂದು ಜೋಡೀದು ಚಪ್ಪಲಿ ಹಾಕ್ಕೊಂಡು ಹೋಗಿದ್ದೆ ನೀನು." ಅಕ್ಕ ಹತ್ತಿರ ಬಂದು ಅವಳ ಕತ್ತಿನ ಹಿಂದೆ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿದರು. "ಚೆನ್ನಾಗಿ ಕಾಣ್ತೀಯ. ಹೋಗು," ಎಂದರು.

ಸಭೆ ಸಭೆಯಂತೆಯೇ ನಡೆಯಿತು. ವಕೀಲನ ತಾಯಿ ಬಂದು, ಮಗ ಮನೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ, ಶಾಲೆಯಲ್ಲಾದರೂ ಮಾತಾಡುತ್ತಾನೆಯೇ ಎಂದು ವಿಚಾರಿಸಿ ಹೋದರು. ಒಬ್ಬೊಬ್ಬರೇ ಬಂದು ಒಬ್ಬೊಬ್ಬರೇ ಇಳಿದುಹೋದ ಮೇಲೆ ಮಹಡಿಯ ಕೋಣೆ ಖಾಲಿಯಾಯಿತು. ಗುಬ್ಬಚ್ಚಿಯ ಮನೆಯವರು ಮಾತ್ರ ಇನ್ನೂ ಬಂದಿರಲಿಲ್ಲ. ಟೀಚರು ಮೇಜಿನ ಮೇಲಿದ್ದುದನ್ನೇ ಮತ್ತೆ ಜೋಡಿಸಿದಳು. ಕೊನೆಗೆ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗ ಎದ್ದು ನಿಂತಳು, ಎದ್ದದ್ದು ಅತಿಯಾಯಿತೆಂದು ಮತ್ತೆ ಕೂತಳು.

ಬಾಗಿಲಲ್ಲಿ ಕಾಣಿಸಿಕೊಂಡದ್ದು ಒಬ್ಬ ಹೆಂಗಸು. ತುಂಬು ಮೈ, ಏದುಸಿರು, ಹಣೆಯ ಮೇಲೆ ಬೆವರು. ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ತಗುಲಿದ ಹಳೆಯ ಕಂದು ಗೆರೆ. ಹಿಂದೆ ಗುಬ್ಬಚ್ಚಿ.

"ತಪ್ಪು ತಿಳ್ಕೋಬೇಡಿ ಟೀಚರ್, ಲಾಂಡ್ರಿಯಿಂದ ಬಿಡಿಸ್ಕೊಂಡು ಬರೋಷ್ಟರಲ್ಲಿ ಇಷ್ಟೊತ್ತಾಯ್ತು. ಇವಳಮ್ಮ ನಾನು," ಎಂದಳು ಆಕೆ. ಕೂರಲು ಹೇಳುವ ಮುಂಚೆಯೇ ಮಕ್ಕಳ ಬೆಂಚಿನಲ್ಲಿ ಹೇಗೋ ತೂರಿಕೊಂಡು ಕೂತಳು, ಮಂಡಿ ಒಳಗೆ ಹಿಡಿಸದೆ ಪಕ್ಕಕ್ಕೆ ತಿರುಗಿಸಿಕೊಂಡಳು. "ನಾನು ನಿಮ್ಮ ಹತ್ರ ಜಗಳ ಆಡೋಕೇ ಬಂದಿರೋದು. ಶೇಕಡಾ ಮುಗಿದ್ಮೇಲೆ ಸೋಮವಾರದ ಲೆಕ್ಕ ನಿಲ್ಲಿಸ್ತೀರಿ ಅಂತ ಇವಳು ಹೇಳಿದ್ಲು, ಹೌದಾ?"

ಟೀಚರಿಗೆ ತಕ್ಷಣ ಅರ್ಥವಾಗಲಿಲ್ಲ. "ಲೆಕ್ಕ ಹೇಳಿಕೊಡೋರು ಬರಲಿ ಅಂತ ಹೇಳಿದ್ದೆ," ಎಂದಳು.

"ಅದಕ್ಕೇ ಬಂದೆ ನೋಡಿ."

"ಇವಳ ಅಪ್ಪ ಅಲ್ವಾ ಹೇಳಿಕೊಡೋದು?"

ಆಕೆ ನಕ್ಕ ನಗೆಗೆ ಬೆಂಚು ಅಲುಗಿತು. "ಅವರಾ? ಲೆಕ್ಕ ಅಂದ್ರೆ ಚಪ್ಪಲಿ ಹಾಕ್ಕೊಂಡು ಹೊರಗೆ ಹೋಗ್ತಾರೆ. ಹೇಳಿಕೊಡೋದು ನಾನೇ, ಟೀಚರ್. ಏಳನೇ ಕ್ಲಾಸಲ್ಲಿ ಬಿಡಿಸಿಬಿಟ್ರು ನನ್ನ, ಶೇಕಡಾ ಶುರುವಾಗಿತ್ತು ಅಷ್ಟೇ. ಇಸ್ತ್ರಿ ಹಾಕೋದು ಕೈಗೆ ಕೆಲಸ, ತಲೆಗೆ ರಜ. ವಾರ ಪೂರ್ತಿ ಅದನ್ನೇ ಯೋಚಿಸ್ತೀನಿ, ಈ ಸೋಮವಾರ ಏನು ಕಳಿಸೋದು, ಟೀಚರ್ ಏನು ವಾಪಸ್ ಕಳಿಸ್ತಾರೆ ಅಂತ. ಇವಳು ಶಾಲೆಯಿಂದ ಬರೋದನ್ನೇ ಕಾಯ್ತಾ ಬಾಗಿಲಲ್ಲಿ ನಿಂತಿರ್ತೀನಿ."

"ಹೌದು ಟೀಚರ್, ಚೀಲ ಇಳಿಸೋಕೂ ಬಿಡಲ್ಲ," ಎಂದಳು ಗುಬ್ಬಚ್ಚಿ.

ಟೀಚರಿಗೆ ನಾಚಿಕೆಯಾಯಿತು. ಇಷ್ಟು ವಾರ ಯಾರ ಜೊತೆ ಮಾತಾಡಿಕೊಂಡಿದ್ದಳು ಅವಳು? "ಶೇಕಡಾ ಹತ್ತು ಮಾತಾಡೋರು..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ಇನ್ಯಾರು, ನಮ್ಮನೆಯವರೇ. ಅವರ ಬಾಯಿಂದ ಒಂದು ಮಾತು ಹೊರಡಿಸೋಕೆ ಎರಡು ದಿನ ಮುಂಚೆ ಅರ್ಜಿ ಹಾಕ್ಬೇಕು." ಆಕೆಯ ಮುಖದಲ್ಲಿ ನಗು ಹಾಗೇ ಇತ್ತು, ದನಿ ಮಾತ್ರ ಸ್ವಲ್ಪ ಇಳಿಯಿತು. "ಒಳಗೆ ಏನೋ ಇದೆ ಟೀಚರ್. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಏನು ಅಂತ ನಂಗೂ ಸಿಕ್ಕಿಲ್ಲ. ಆದ್ರೆ ಒಳ್ಳೆಯೋರು. ಏನು ತಂದ್ರೂ ದೊಡ್ಡ ಅರ್ಧ ನನಗೇ ಕೊಡೋದು. ಮದುವೆಯಾದಾಗಿನಿಂದ ಅದೊಂದು ತಪ್ಪಿಸಿಲ್ಲ."

ಟೀಚರು ಮೇಜಿನ ಅಂಚನ್ನು ಒರೆಸಿದಳು, ಅಲ್ಲಿ ಧೂಳಿರಲಿಲ್ಲ. ತನಗೆ ಮಾತ್ರ ಸೇರಿದ್ದು ಎಂದು ಎತ್ತಿಟ್ಟುಕೊಂಡಿದ್ದ ಬನ್ನಿನ ಆ ತುಂಡು ದಿನಾ ಬೇರೊಂದು ಮನೆಯಲ್ಲಿ ಹಂಚಿಕೆಯಾಗುತ್ತಿತ್ತು. ಎದೆ ಉರಿಯಿತು. ಈ ಹೆಂಗಸನ್ನು ಬೇಗ ಕಳಿಸಿಬಿಡಬೇಕು ಅನ್ನಿಸಿತು.

"ನನ್ನ ಹೆಸರು ಅವರಿಗೆ ಗೊತ್ತಾ?" ತಡೆಯಲಾಗದೆ ಕೇಳಿದಳು.

"ಮೊದಲನೇ ಸೋಮವಾರಾನೇ ಹೇಳಿದೆ, ಇಂಥವರು ಲೆಕ್ಕದ ಟೀಚರಂತೆ, ಎಷ್ಟು ಚೆನ್ನಾಗಿ ಪಾಠ ಮಾಡ್ತಾರೆ ಅಂತ. ಹೂಂ ಅಂದ್ರು. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದ್ರು. ಇವತ್ತು ನನ್ನನ್ನ ಸ್ಕೂಟರ್‌ನಲ್ಲಿ ಕರ್ಕೊಂಡು ಬಂದಿದ್ದಾರೆ. ಮೇಲೆ ಬನ್ನಿ ಅಂದ್ರೆ ಬರಲ್ಲ ಅಂತಾರೆ, ಗೇಟಿನ ಹತ್ರ ಇದ್ದಾರೆ." ಆಕೆ ಅಷ್ಟಕ್ಕೇ ಅದನ್ನು ಬಿಟ್ಟು ಮುಂದಕ್ಕೆ ಬಾಗಿದಳು. "ಟೀಚರ್, ನಿಮ್ಮ ಆ ನಿಲ್ದಾಣದ ಲೆಕ್ಕ ಇದೆಯಲ್ಲ, ಅರ್ಧರ್ಧ ನಡೆಯೋದು. ಅದನ್ನ ಮಾಡ್ತಾ ಮಾಡ್ತಾ ನಂಗೆ ಸಿಟ್ಟೇ ಬಂತು. ಅವಳ್ಯಾಕೆ ಸುಮ್ನೆ ನಿಂತಿದ್ದಾಳೆ? ಅವಳಿಗೂ ಕಾಲಿದೆಯಲ್ಲ. ಎದುರಿಗೆ ನಡೆದಿದ್ರೆ ಲೆಕ್ಕ ಅಲ್ಲಿಗೇ ಮುಗೀತಿತ್ತು."

ಟೀಚರು ಸೀಮೆಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಆಮೇಲೆ, "ಹೌದು," ಎಂದಳು. "ನಡೀಬಹುದಿತ್ತು."

"ನೀವು ಬೇಜಾರು ಮಾಡ್ಕೊಂಡ್ರಾ? ಲೆಕ್ಕ ತಪ್ಪು ಅಂತ ಹೇಳಿದ್ದಲ್ಲ."

"ಇಲ್ಲಮ್ಮ. ಸರಿಯಾಗೇ ಹೇಳಿದ್ರಿ."

ಆಕೆಗೆ ಧೈರ್ಯ ಬಂತು. ಒಂದು ಅನುಮಾನವಿದೆ, ಕೇಳಿ ಹೋಗುತ್ತೇನೆ ಎಂದಳು. ಲಾಂಡ್ರಿಗೆ ಬಂದ ಒಂದು ಉಲ್ಲನ್ ಶಾಲು ಬಿಸಿನೀರಿಗೆ ಬಿದ್ದು ಶೇಕಡಾ ಇಪ್ಪತ್ತು ಕುಗ್ಗಿತಂತೆ. ಅದನ್ನು ಒದ್ದೆ ಮಾಡಿ ಎಳೆದು ಎಳೆದು ಮತ್ತೆ ಶೇಕಡಾ ಇಪ್ಪತ್ತು ಹಿಗ್ಗಿಸಿದರಂತೆ. "ಅಳೆದು ನೋಡಿದ್ರೆ ಮೊದಲಿನಷ್ಟು ಇಲ್ಲ ಟೀಚರ್. ಇಪ್ಪತ್ತು ಹೋಯ್ತು, ಇಪ್ಪತ್ತು ಬಂತು. ಮಧ್ಯದಲ್ಲಿ ಎಲ್ಲಿಗೆ ಹೋಯ್ತು ಅದು?"

ಉತ್ತರ ಹೇಳಿ ಕಳಿಸಿದ್ದರೆ ಒಂದು ಕ್ಷಣದ ಕೆಲಸ. ಟೀಚರು ಆಕೆಯ ಮುಖ ನೋಡಿದಳು. ಆ ಕಣ್ಣುಗಳಲ್ಲಿದ್ದ ಆಸೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಪ್ರತಿ ಸೋಮವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಂಡಿದ್ದಳು. ಡಬ್ಬಿಯಿಂದ ಒಂದು ಸೀಮೆಸುಣ್ಣ ತೆಗೆದು ಮುಂದೆ ಹಿಡಿದಳು.

"ಎದ್ದು ಬನ್ನಿ. ನೀವೇ ಮಾಡಿ."

"ನಾನಾ? ಹಲಗೆ ಮೇಲಾ?" ಬೆಂಚಿನಿಂದ ಬಿಡಿಸಿಕೊಂಡು ಏಳಲು ಆಕೆಗೆ ಮಗಳು ಕೈಕೊಡಬೇಕಾಯಿತು. ಹಲಗೆಯ ಮುಂದೆ ನಿಂತು ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹೇಗೆ ಹಿಡಿಯುವುದೆಂದು ಎರಡು ಸಲ ತಿರುಗಿಸಿ ನೋಡಿ, ದೊಡ್ಡದಾಗಿ ನೂರು ಎಂದು ಬರೆದಳು. ಇಪ್ಪತ್ತು ಕಳೆದಳು. ಎಂಬತ್ತು ಬಂತು. ಪಕ್ಕದಲ್ಲೇ ಇಪ್ಪತ್ತು ಕೂಡಲು ಹೋಗಿ ಕೈ ತಡೆಯಿತು. "ಇಲ್ಲೇ ನೋಡಿ, ನೂರು ಬಂದ್ಬಿಡುತ್ತೆ."

"ಯಾವುದರಲ್ಲಿ ಶೇಕಡಾ ಇಪ್ಪತ್ತು?"

"ನೂರರಲ್ಲಿ."

"ನೂರು ಈಗ ಎಲ್ಲಿದೆ?"

ಆಕೆ ಹಲಗೆಯನ್ನೇ ನೋಡುತ್ತಾ ನಿಂತಳು. ಕೆಳಗಿನಿಂದ ಸ್ಕೂಟರಿನ ಹಾರನ್ನು ಒಂದು ಸಲ ಕೇಳಿಸಿತು. "ಅಪ್ಪ ಕರೀತಿದ್ದಾರೆ," ಎಂದಳು ಗುಬ್ಬಚ್ಚಿ. "ಕಾಯ್ಲಿ," ಎಂದಳು ತಾಯಿ, ತಿರುಗಿ ನೋಡದೆ.

ಟೀಚರು ಕಿಟಕಿಯ ಬಳಿಗೆ ಹೋದಳು. ಗೇಟಿನಾಚೆ ಸ್ಕೂಟರಿನ ಮೇಲೆ ಒಬ್ಬ ಗಂಡಸು ಈ ಕಡೆಗೆ ಬೆನ್ನು ಹಾಕಿ ಕೂತಿದ್ದ. ನೆತ್ತಿಯ ಕೂದಲು ತೆಳುವಾಗಿತ್ತು, ಭುಜ ಬಾಗಿತ್ತು. ಕೂತ ರೀತಿ ಮಾತ್ರ ಅದೇ, ತಲೆ ಒಂದಿಷ್ಟು ಎಡಕ್ಕೆ. ಮೆಟ್ಟಿಲು ಇಳಿದು ಅಂಗಳ ದಾಟಿದರೆ ಅವನು. ಒಮ್ಮೆ ತಿರುಗಿದರೆ ಸಾಕು, ಮುಖ ಕಾಣುತ್ತದೆ. ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಅವನು ತಿರುಗಲಿಲ್ಲ. ಎಲ್ಲೋ ದೂರಕ್ಕೆ ನೋಡುತ್ತಾ ಮತ್ತೊಮ್ಮೆ ಹಾರನ್ನು ಒತ್ತಿದ, ಈ ಸಲ ಉದ್ದಕ್ಕೆ.

"ಅಯ್ಯೋ, ಎಣಿಕೆ ತಪ್ಪಿಹೋಯ್ತು," ಎಂದಳು ಹಿಂದಿನಿಂದ ಆಕೆ.

ಟೀಚರು ಕಿಟಕಿಯ ಬಾಗಿಲುಗಳನ್ನು ಒಂದಾದ ಮೇಲೊಂದು ಎಳೆದು ಚಿಲಕ ಹಾಕಿದಳು. ಕೋಣೆಯಲ್ಲಿ ಸದ್ದಡಗಿತು. ಬಂದು ಮೊದಲ ಬೆಂಚಿನಲ್ಲಿ ಗುಬ್ಬಚ್ಚಿಯ ಪಕ್ಕ ಕೂತಳು.

"ಅವಸರ ಇಲ್ಲ. ಎಂಬತ್ತರಿಂದ ಶುರುಮಾಡಿ," ಎಂದಳು.

ಆಕೆ ನೂರನ್ನು ಅಂಗೈಯಿಂದ ಒರೆಸಿ, ಆ ಜಾಗದಲ್ಲಿ ಎಂಬತ್ತು ಎಂದು ಬರೆಯತೊಡಗಿದಳು.